39ನೇ ವಯಸ್ಸಿಗೆ ಹೆಲ್ಪರ್ ಆದೆ

ಪ್ಲಂಬಿಂಗ್ ಕೆಲಸದಲ್ಲಿ ನನ್ನ ಮೊದಲ ಮೇಸ್ತ್ರಿಗೆ 26 ವರ್ಷ, ನನಗೆ 39. ಕೆಲಸಕ್ಕೆ ಹೋದ ಮೊದಲ ದಿನ ನನ್ನ ಕನ್ನಡಕ, ಇಸ್ತ್ರಿ ಮಾಡಿದ ಶರ್ಟು ನೋಡಿ ಆ ಹುಡುಗ ಎದ್ದು ನಿಂತುಬಿಟ್ಟ. "ಸರ್, ಇಂಜಿನಿಯರ್ ನಾಲ್ಕನೇ ಫ್ಲೋರಲ್ಲಿ ಇದ್ದಾರೆ" ಅಂದ. "ನಾನು ಹೆಲ್ಪರ್ ಕೆಲಸಕ್ಕೆ ಬಂದಿರೋದು" ಅಂದೆ. ನಂಬಲಿಲ್ಲ. ಯಾರಿಗೋ ಫೋನ್ ಮಾಡಿ ಕೇಳಿದ. ಆಮೇಲೆ ಒಂದು ಉಳಿ, ಒಂದು ಸುತ್ತಿಗೆ ಕೈಗೆ ಕೊಟ್ಟು, ಗೋಡೆ ಮೇಲೆ ಎಳೆದಿದ್ದ ಎರಡು ಗೆರೆ ತೋರಿಸಿ, "ಇದರ ಮಧ್ಯೆ ಒಡೀಬೇಕು, ಅಣ್ಣಾ" ಅಂದ. ಸರ್ ಹೋಗಿ ಅಣ್ಣ ಆಗಲು ಐದು ನಿಮಿಷ ಸಾಕಾಯಿತು.

ಅದಕ್ಕೂ ಮುಂಚೆ 17 ವರ್ಷ ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದೆ. ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಪ್ರೂಫ್ ನೋಡುವುದೂ ನನ್ನದೇ ಕೆಲಸ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅಂಗಡಿಯವರೆಲ್ಲ ಹಳೇ ಬಿಲ್ ಬುಕ್ ಎಸೆದು ಹೊಸದು ಹೊಡೆಸಿದರು. ಮೂರು ತಿಂಗಳು ನಾವು ಮನೆಗೆ ಹೋಗಿದ್ದೇ ಕಡಿಮೆ. ಅದೇ ಕೊನೆಯ ಸುಗ್ಗಿ. ಆಮೇಲೆ ಬಿಲ್ಲು ಕಂಪ್ಯೂಟರಿಗೆ ಹೋಯಿತು, ಲಗ್ನಪತ್ರಿಕೆ ವಾಟ್ಸಾಪಿಗೆ ಹೋಯಿತು. 2020ರಲ್ಲಿ ಮದುವೆಗೆ 50 ಜನ ಮಾತ್ರ ಅಂತ ಆದಾಗ ಕಾರ್ಡು ಯಾರು ಹೊಡೆಸುತ್ತಾರೆ? ಮಾಲೀಕರು ಒಳ್ಳೆಯವರು. ಆರು ತಿಂಗಳು ಅರ್ಧ ಸಂಬಳ ಕೊಟ್ಟರು, ಆಮೇಲೆ ಕೈ ಮುಗಿದರು.

ಪ್ಲಂಬಿಂಗೇ ಯಾಕೆ ಅಂತ ಕೇಳುತ್ತಾರೆ. ಹೇಳಿಕೊಳ್ಳುವಂಥ ಕಾರಣ ಏನೂ ಇಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಮನೆ ನಲ್ಲಿ ಕೆಟ್ಟಿತ್ತು. ಬಂದವನು ಹತ್ತು ನಿಮಿಷದಲ್ಲಿ ಸ್ಪಿಂಡಲ್ ಬದಲಾಯಿಸಿ 400 ರೂಪಾಯಿ ತಗೊಂಡ. ಒಂದು ಪುಟ ಟೈಪ್ ಮಾಡಿದರೆ ನನಗೆ ಸಿಗುತ್ತಿದ್ದದ್ದು 25 ರೂಪಾಯಿ. ಅವನ ಹತ್ತು ನಿಮಿಷ ನನ್ನ 16 ಪುಟ! ಆ ಲೆಕ್ಕ ತಪ್ಪು ಅಂತ ಈಗ ಗೊತ್ತು. ಆ ಹತ್ತು ನಿಮಿಷದ ಹಿಂದೆ ಮುಕ್ಕಾಲು ಗಂಟೆ ಟ್ರಾಫಿಕ್ ಇರುತ್ತದೆ, ಎರಡು ಸಲ ಹಾರ್ಡ್‌ವೇರ್ ಅಂಗಡಿಗೆ ಓಡಾಟ ಇರುತ್ತದೆ. ಆದರೆ ತಪ್ಪು ಲೆಕ್ಕವೇ ನನ್ನನ್ನು ಎಬ್ಬಿಸಿ ಹೊರಡಿಸಿತು, ಸುಳ್ಳು ಯಾಕೆ ಹೇಳಲಿ.

ಐಟಿಐ ಪ್ಲಂಬರ್ ಟ್ರೇಡು ಒಂದು ವರ್ಷದ್ದು. ಹೆಂಡತಿ, ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಒಂದು ವರ್ಷ ಕೂತು ಓದುವುದು ಆಗದ ಮಾತು. ಆಗ ಯಾರೋ ಹಳ್ಳಿಯವರಿಗೆ ಸ್ವಉದ್ಯೋಗದ ತರಬೇತಿ ಕೊಡುವ ಆರ್‌ಸೆಟಿ ಬಗ್ಗೆ ಹೇಳಿದರು. ಉಜಿರೆಯಲ್ಲಿ 1982ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷವೇ, ಅಂಥದ್ದೇ ತರಬೇತಿ ಸಂಸ್ಥೆ ರುಡ್‌ಸೆಟ್ ಶುರುವಾಯಿತಲ್ಲ, ಅದನ್ನು ನೋಡಿಯೇ ಜಿಲ್ಲೆಗೊಂದರ ಹಾಗೆ ಬ್ಯಾಂಕುಗಳು ಇವನ್ನು ನಡೆಸುತ್ತಿವೆ. 30 ದಿನದ ತರಬೇತಿ. ಊಟ, ವಸತಿ ಅಲ್ಲೇ, ಫೀಸಿಲ್ಲ. ಆಗ ವಯಸ್ಸಿನ ಮಿತಿ 18ರಿಂದ 45. ಹಳ್ಳಿಯವರಿಗೆ ಆದ್ಯತೆ, ನನ್ನ ರೇಷನ್ ಕಾರ್ಡ್ ಪುಣ್ಯಕ್ಕೆ ಇನ್ನೂ ಊರಲ್ಲೇ ಇತ್ತು. ಬ್ಯಾಚಿನಲ್ಲಿ ನನಗಿಂತ ದೊಡ್ಡವರು ಯಾರೂ ಇರಲಿಲ್ಲ. ರಾತ್ರಿ ಹುಡುಗರು ರೀಲ್ಸ್ ನೋಡುತ್ತಿದ್ದರೆ ನಾನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ.

30 ದಿನದಲ್ಲಿ ಯಾರೂ ಪ್ಲಂಬರ್ ಆಗುವುದಿಲ್ಲ. ಅಂಗಡಿಗೆ ಹೋಗಿ ಹೆದರದೆ "ಮುಕ್ಕಾಲಿಂದ ಅರ್ಧಕ್ಕೆ ರೆಡ್ಯೂಸರ್ ಟೀ ಎರಡು, ಅರ್ಧ ಇಂಚು ಬ್ರಾಸ್ ಎಲ್ಬೋ ನಾಲ್ಕು" ಅಂತ ಕೇಳುವಷ್ಟು ಆಗುತ್ತೇವೆ, ಅಷ್ಟೇ. ಅದೂ ಸಣ್ಣದಲ್ಲ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ ಎಣ್ಣೆ ಬಿಟ್ಟುಕೊಂಡು ಡೈ ತಿರುಗಿಸಿ ಥ್ರೆಡ್ ಹಾಕುವುದು ಅಲ್ಲೇ ಕಲಿತೆ. ಈಗ ಜಿಐ ಕೆಲಸ ಬಹಳ ಕಡಿಮೆ, ಆದರೆ ಹಳೇ ಮನೆಗಳಲ್ಲಿ ಅದು ಬಂದಾಗ ಹೊಸ ಹುಡುಗರು ಹಿಂದೆ ಸರಿಯುತ್ತಾರೆ, ನನಗೆ ಕೆಲಸ ಸಿಗುತ್ತದೆ. ಈಗಿನದೆಲ್ಲ ಸಿಪಿವಿಸಿ. ಕೆನೆ ಬಣ್ಣದ ಪ್ಲಾಸ್ಟಿಕ್ ಪೈಪು. ನೇರವಾಗಿ ಕತ್ತರಿಸಬೇಕು, ಅಂಚಿನ ಸಿಬಿರು ತೆಗೆಯಬೇಕು, ಪೈಪಿಗೂ ಅದನ್ನು ಜೋಡಿಸುವ ಎಲ್ಬೋದಂಥ ಫಿಟಿಂಗಿಗೂ ಸಲ್ಯೂಷನ್ ಅನ್ನುವ ಅಂಟು ಹಚ್ಚಬೇಕು, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೈ ಬಿಟ್ಟರೆ ಪೈಪು ಮೆತ್ತಗೆ ಹಿಂದೆ ಬರುತ್ತದೆ. ಕಣ್ಣಿಗೆ ಕಾಣಿಸುವುದೂ ಇಲ್ಲ.

ಆಮೇಲೆ ಬೆಂಗಳೂರಿಗೆ ವಾಪಸ್ ಬಂದು ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ದಿನಕ್ಕೆ 500 ರೂಪಾಯಿಗೆ ಸೇರಿದೆ. ಆಗ ಸಿಕ್ಕಿದ್ದೇ ಆ ಮೇಸ್ತ್ರಿ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯವನು. ಅವನಪ್ಪ ಪ್ಲಂಬರ್, ಚಿಕ್ಕಪ್ಪಂದಿರು ಪ್ಲಂಬರ್. ಆ ಜಿಲ್ಲೆಯ ಪಟ್ಟಾಮುಂಡಾಯಿ ಕಡೆಯಿಂದ ದೇಶದ ಊರೂರಿಗೂ ಪ್ಲಂಬರ್‌ಗಳು ಹೋಗಿದ್ದಾರೆ, ಅಲ್ಲಿ ಈ ಕೆಲಸ ಕಲಿಸಲೆಂದೇ ಒಂದು ಸಂಸ್ಥೆ ಇದೆ. ನಮ್ಮಲ್ಲಿ ಹೋಟೆಲ್ ಅಂದರೆ ಉಡುಪಿ ಅಲ್ವಾ, ಹಾಗೆ. ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದ. ಪೈಪಿನ ವಿಷಯಕ್ಕೆ ಬಂದರೆ ಮಾತೇ ಇಲ್ಲ, ಬೆರಳಲ್ಲೇ ಪಾಠ.

ಮೊದಲ ತಿಂಗಳು ಬರೀ ಗೋಡೆ ಒಡೆದೆ. 17 ವರ್ಷ ಕೀಬೋರ್ಡ್ ಒತ್ತಿದ ಬೆರಳು. ರಾತ್ರಿ ಅನ್ನ ಕಲಸಲು ಆಗುತ್ತಿರಲಿಲ್ಲ, ಚಮಚ ಹಿಡಿದೆ. ನನ್ನ ಮಗಳು "ಅಪ್ಪ, ನೀನು ಹೋಟೆಲ್ ತರ ತಿಂತೀಯ" ಅಂತ ನಗುತ್ತಿದ್ದಳು.

ಎರಡನೇ ತಿಂಗಳು ಮೇಸ್ತ್ರಿ ವಾಟ ಕಲಿಸಿದ. ಕೊಳೆ ನೀರಿನ ನಾಲ್ಕು ಇಂಚು ಪೈಪಿಗೆ ಹತ್ತು ಅಡಿಗೆ ಎರಡು ಇಂಚು ಇಳಿಜಾರು ಅವನ ಲೆಕ್ಕ. ವಾಟ ಕಡಿಮೆಯಾದರೆ ನೀರು ನಿಲ್ಲುತ್ತದೆ, ಅದು ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ನೀರು ಸರ್ರನೆ ಓಡಿಬಿಡುತ್ತದೆ, ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಒಂದು ದಿನ ನಾನು ಉತ್ಸಾಹದಲ್ಲಿ ಡಬಲ್ ವಾಟ ಕೊಟ್ಟಿದ್ದೆ. ಅವನು ರಸಮಟ್ಟ ಇಟ್ಟು ನೋಡಿ, ಏನೂ ಹೇಳದೆ, ಪೈಪಿನ ಕೆಳಗಿದ್ದ ಇಟ್ಟಿಗೆ ಚೂರನ್ನು ಕಾಲಿನಿಂದ ಸರಿಸಿದ. ಇಡೀ ಲೈನ್ ಮತ್ತೆ ಮಾಡಿದೆ.

ಒಂದೂವರೆ ವರ್ಷ ಅವನ ಜೊತೆ ಇದ್ದು, ಎಂಟು ಸಾವಿರದ ಸಾಮಾನು ಕೊಂಡು, ನಾನೇ ಕೆಲಸ ಹಿಡಿಯಲು ಶುರು ಮಾಡಿದೆ. ಎರಡು ಪೈಪ್ ರೆಂಚು, ಒಂದು ಪೈಪ್ ಕಟ್ಟರ್, ಹ್ಯಾಕ್ಸಾ, ಹಳೇ ಡ್ರಿಲ್ ಮೆಷಿನ್. ವಿಸಿಟಿಂಗ್ ಕಾರ್ಡ್ ನಾನೇ ಡಿಸೈನ್ ಮಾಡಿ 200 ಹೊಡೆಸಿದೆ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು! ಊರಿನವರ ಕಾರ್ಡಿಗೆಲ್ಲ ಪ್ರೂಫ್ ನೋಡಿದವನು ನನ್ನದಕ್ಕೆ ನೋಡಲಿಲ್ಲ. ಆಗ ನಕ್ಕು ಸುಮ್ಮನಾದೆ. ಎರಡೇ ತಿಂಗಳಿಗೆ ಅದೇ ಬುದ್ಧಿ ನಗು ಬರದ ಕಡೆ ಕೈಕೊಟ್ಟಿತು.

ಒಂದು ಮನೆಯ ಮೊದಲ ಮಹಡಿ ಬಾತ್‌ರೂಮು, ಪೂರ್ತಿ ಹೊಸ ಲೈನು. ಸಿಪಿವಿಸಿಯಲ್ಲಿ ಮೊದಲು ಸಲ್ಯೂಷನ್ ಇಲ್ಲದೆ ಒಣಗಾಗಿ ಜೋಡಿಸಿ ಅಳತೆ ನೋಡುತ್ತೇವೆ. ಸರಿ ಅನಿಸಿದ ಮೇಲೆ ಒಂದೊಂದೇ ಬಿಚ್ಚಿ ಸಲ್ಯೂಷನ್ ಹಚ್ಚಿ ಕೂರಿಸುವುದು. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ಕೆಳಗಿನ ಒಂದು ಎಲ್ಬೋ ಬಿಚ್ಚುವುದನ್ನೇ ಮರೆತೆ. ಒಣ ಜಾಯಿಂಟು ಹಾಗೇ ಉಳಿಯಿತು. ಈ ಪೈಪಿನ ಫಿಟಿಂಗು ಎಷ್ಟು ಬಿಗಿ ಅಂದರೆ ಸಲ್ಯೂಷನ್ ಇಲ್ಲದಿದ್ದರೂ ನೀರು ಕೆಲವು ದಿನ ತಡೆಯುತ್ತದೆ. ಪ್ರೆಶರ್ ಪಂಪ್ ಹಾಕಿ ಟೆಸ್ಟ್ ಮಾಡಿದ್ದರೆ ಎರಡು ನಿಮಿಷದಲ್ಲಿ ಕಿತ್ತು ಬರುತ್ತಿತ್ತು. ಆದರೆ ಟೈಲ್ಸಿನವನು ಬೆಳಗ್ಗೆಯಿಂದ ಕಾಯುತ್ತಿದ್ದ, ಮನೆಯವರು "ಆಯ್ತಾ, ಆಯ್ತಾ" ಅನ್ನುತ್ತಿದ್ದರು. ನಲ್ಲಿ ತಿರುಗಿಸಿ ತೋರಿಸಿದೆ, ನೀರು ಬಂತು, ಎಲ್ಲರೂ ಖುಷಿ. ಮಧ್ಯಾಹ್ನಕ್ಕೆ ಗೋಡೆ ಮುಚ್ಚಿತು.

ಹನ್ನೊಂದನೇ ದಿನ ಫೋನ್ ಬಂತು. ಕೆಳಗಿನ ಮನೆಯ ಚಾವಣಿಯಲ್ಲಿ ತಟ್ಟೆಯಗಲ ಕಂದು ಕಲೆ. ಹೋಗಿ ನೋಡಿದಾಗ ಅದು ಹರಿವಾಣದಷ್ಟಾಗಿತ್ತು. ಆರು ಟೈಲ್ಸ್ ಒಡೆದೆವು. ಎಲ್ಬೋ ಹಿಡಿದು ಎಳೆದೆ, ಕೈಗೇ ಬಂತು. ಸಲ್ಯೂಷನ್ ಹಚ್ಚಿದ ಜಾಯಿಂಟಿನ ಬಾಯಲ್ಲಿ ಹಳದಿ ಉಂಗುರ ಇರುತ್ತದೆ. ಇದರಲ್ಲಿ ಇರಲಿಲ್ಲ. ಮನೆಯವರಿಗೆ ಎಲ್ಬೋ ತೋರಿಸಿ "ನನ್ನದೇ ತಪ್ಪು" ಅಂದೆ. ಬೈದರು. ಟೈಲ್ಸು, ಗಾರೆಯವನ ಕೂಲಿ, ಕೆಳಗಿನ ಮನೆಯ ಪೇಂಟು ಸೇರಿ 14 ಸಾವಿರ. ಆ ಕೆಲಸದಲ್ಲಿ ನನಗೆ ಉಳಿದಿದ್ದದ್ದು ಒಂಬತ್ತು ಸಾವಿರ.

ಅವತ್ತಿನಿಂದ ಬ್ಯಾಗಿನಲ್ಲಿ ಒಂದು ಕೆಂಪು ಮಾರ್ಕರ್ ಇರುತ್ತದೆ. ಸಲ್ಯೂಷನ್ ಹಚ್ಚಿ ಕೂರಿಸಿದ ಪ್ರತಿ ಜಾಯಿಂಟಿನ ಮೇಲೂ ಒಂದು ರೈಟ್ ಗುರುತು. ಪ್ರೆಸ್ಸಿನಲ್ಲಿ ಸಾಲು ಓದಿ ಮುಗಿಸಿದ ಮೇಲೆ ಹಾಕುತ್ತಿದ್ದೆನಲ್ಲ, ಅದೇ ಗುರುತು. ಕೆನೆ ಬಣ್ಣದ ಮೇಲೆ ಎದ್ದು ಕಾಣುತ್ತದೆ. ಗುರುತಿಲ್ಲದ ಜಾಯಿಂಟು ಇದ್ದರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಸಲ್ಯೂಷನ್ ಒಣಗಲು ಬಿಟ್ಟು, ಲೈನಿನ ಗಾಳಿ ಪೂರ್ತಿ ತೆಗೆದು, ಪಂಪಿನಲ್ಲಿ ಏಳು ಕೆಜಿ (ಚದರ ಸೆಂಟಿಮೀಟರಿಗೆ) ಪ್ರೆಶರ್ ಏರಿಸಿ ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಮೀಟರ್ ಮುಳ್ಳನ್ನು ಮನೆಯವರಿಗೆ ತೋರಿಸಿ, ಫೋಟೋ ತೆಗೆದ ಮೇಲೆಯೇ ಗೋಡೆ ಮುಚ್ಚುವುದು. ಟೈಲ್ಸಿನವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಆಗದಿರಲಿ.

ರಿಪೇರಿ ಕೆಲಸದಲ್ಲಿ ಕೈಗಿಂತ ತಲೆ ಜಾಸ್ತಿ ಓಡಬೇಕು. ಒಬ್ಬರು ದುಬಾರಿ ಶವರ್ ಹಾಕಿಸಿ, ನೀರು ಚಿಟಿಚಿಟಿ ಬರುತ್ತದೆ, ಪೈಪ್ ಬ್ಲಾಕ್ ಆಗಿದೆ ಅಂದರು. ಬ್ಲಾಕ್ ಏನೂ ಇರಲಿಲ್ಲ. ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಕೆಜಿ ಪ್ರೆಶರ್ ಸಿಗುತ್ತದೆ. ಇವರ ಶವರ್ ಮೇಲಿನ ಮಹಡಿಯಲ್ಲಿ, ಟ್ಯಾಂಕಿಗೂ ಅದಕ್ಕೂ ಮೂರು ಮೀಟರ್ ಕೂಡ ಇಲ್ಲ. ಪೈಪ್ ಎಷ್ಟು ತೊಳೆದರೂ ನೀರಿಗೆ ಬಲ ಬರುವುದಿಲ್ಲ. ಒಂದೋ ಪ್ರೆಶರ್ ಪಂಪ್ ಹಾಕಬೇಕು, ಇಲ್ಲ ಹಳೇ ಶವರೇ ಸಾಕು ಅಂತ ಹೇಳಿ ಬಂದೆ. ಅವರು ಇನ್ನೊಬ್ಬನನ್ನು ಕರೆಸಿ ಪೈಪ್ ತೊಳೆಸಿದರು ಅಂತ ಕೇಳಿದೆ.

ಇನ್ನೊಂದು ಮನೆ. ದಂಪತಿ ಅಮೆರಿಕದಲ್ಲಿ ಮಗನ ಹತ್ತಿರ ಆರು ತಿಂಗಳು ಇದ್ದು ಬಂದಿದ್ದರು. ಗೆಸ್ಟ್ ಬಾತ್‌ರೂಮಿನಿಂದ ಗಬ್ಬು ವಾಸನೆ, ನೆಲ ಒಡೆಸಬೇಕು ಅಂತ ಯಾರೋ ಹೇಳಿ ಹೋಗಿದ್ದರು. ನಾನು ನೆಲದ ನೀರು ಇಳಿದುಹೋಗುವ ನಹಾನಿ ಟ್ರ್ಯಾಪಿನ ಜಾಲರಿ ಎತ್ತಿ ಟಾರ್ಚ್ ಬಿಟ್ಟೆ. ಒಳಗೆ ಒಣಗಿತ್ತು. ಟ್ರ್ಯಾಪಿನಲ್ಲಿ ಎರಡು ಇಂಚಿನಷ್ಟು ನೀರು ಸದಾ ನಿಂತಿರಬೇಕು. ಆ ನೀರೇ ಬಾಗಿಲು. ಆರು ತಿಂಗಳಲ್ಲಿ ಆವಿಯಾಗಿ ಚರಂಡಿ ಗಾಳಿಗೆ ದಾರಿ ಬಿಟ್ಟಿತ್ತು. ನಾಲ್ಕು ಮಗ್ ನೀರು ಸುರಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ವಾಸನೆ ಕಡಿಮೆಯಾಯಿತು. "ಎಷ್ಟಾಯ್ತಪ್ಪಾ?" ಅಂದರು ಆ ಯಜಮಾನರು. ನನ್ನ ಬಾಯಿಂದ ಏನು ಬರಬೇಕು ಹೇಳಿ? "ಬೇಡ ಬಿಡಿ ಸರ್, ನೀರು ತಾನೇ ಹಾಕಿದ್ದು." ಗಾಡಿ ಹತ್ತಿದ ಮೇಲೆ ನೆನಪಾಯಿತು, ಪೆಟ್ರೋಲು ನನ್ನದು, ಬೆಳಗ್ಗೆ ಹೊತ್ತು ನನ್ನದು.

ದುಡ್ಡು ಕೇಳುವುದು ಗೋಡೆ ಒಡೆಯುವುದಕ್ಕಿಂತ ಕಷ್ಟ. ಪ್ರೆಸ್ಸಿನಲ್ಲಿ ರೇಟು ಬೋರ್ಡಿನ ಮೇಲಿತ್ತು, ಕೇಳುವವರು ಮಾಲೀಕರು. ಇಲ್ಲಿ ಕೈ ಒರೆಸಿಕೊಂಡು, ಎದುರಿಗೆ ನಿಂತು, ಮುಖ ನೋಡಿ ಹೇಳಬೇಕು. ಹೆಂಡತಿ ಒಂದು ಉಪಾಯ ಮಾಡಿದಳು. ಬಂದು ನೋಡುವುದಕ್ಕೆ 250 ರೂಪಾಯಿ, ಅದನ್ನು ಫೋನಿನಲ್ಲೇ ಹೇಳುವುದು, ಮುಖ ನೋಡುವ ಮುಂಚೆ. ಮೊದಮೊದಲು ಅವಳೇ ಫೋನ್ ಎತ್ತಿ ಹೇಳುತ್ತಿದ್ದಳು. ಅರ್ಧ ಜನ ಫೋನ್ ಇಟ್ಟರು. ಉಳಿದ ಅರ್ಧ ಜನ ಒಳ್ಳೆ ಗಿರಾಕಿಗಳಾದರು.

ಒಂದು ಕೆಲಸ ಮಾತ್ರ ಯಾವ ರೇಟಿಗೂ ಮಾಡುವುದಿಲ್ಲ. ಗುಂಡಿಗೆ ಇಳಿಯುವುದು. ಒಂದು ಸಲ ಸೆಪ್ಟಿಕ್ ಟ್ಯಾಂಕ್ ಮುಚ್ಚಳ ತೆಗೆದು "ಸ್ವಲ್ಪ ಇಳಿದು ನೋಡಿ, 2000 ಕೊಡ್ತೀನಿ" ಅಂದರು. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧ, ಅದಕ್ಕಿಂತ ಮೊದಲು ಒಳಗಿನ ಗಾಳಿ ಉಸಿರು ನಿಲ್ಲಿಸುತ್ತದೆ. ಸಕ್ಕಿಂಗ್ ಮೆಷಿನ್ ನಂಬರ್ ಕೊಟ್ಟು ಬಂದೆ.

ಮನೆ ಕಡೆ? ನಮ್ಮಮ್ಮ ಇವತ್ತಿಗೂ ಊರಲ್ಲಿ "ಮಗ ಬೆಂಗಳೂರಲ್ಲಿ ನೀರಿನ ಕಂಟ್ರಾಕ್ಟು ಮಾಡ್ತಾನೆ" ಅನ್ನುತ್ತಾರೆ. ಶುರುವಿನಲ್ಲಿ "ಕಕ್ಕಸಿನ ಕೆಲಸಕ್ಕೆ ಹೋಗ್ತೀಯೇನೋ?" ಅಂತ ಅತ್ತಿದ್ದರು. ಅದರ ಹಿಂದೆ ಜಾತಿ ಲೆಕ್ಕವೂ ಇತ್ತು, ಮುಚ್ಚಿಡುವುದು ಬೇಡ. ಕಳೆದ ದೀಪಾವಳಿಗೆ ಊರಿನ ಮನೆಗೆ ಬಾತ್‌ರೂಮು ನಾನೇ ಕಟ್ಟಿಸಿ, ಸೋಲಾರ್ ಲೈನ್ ಎಳೆದೆ. ಬಿಸಿನೀರು ಬಂದ ದಿನ ಅಮ್ಮ ಪಕ್ಕದ ಮನೆಯವರನ್ನು ಕರೆದು ನಲ್ಲಿ ತಿರುಗಿಸಿ ತೋರಿಸಿದರು. ಕಂಟ್ರಾಕ್ಟು ಅನ್ನುವ ಮಾತು ಮಾತ್ರ ಬಿಟ್ಟಿಲ್ಲ.

ಹೋದ ತಿಂಗಳು ಪ್ರೆಸ್ಸಿನ ಹಳೇ ಮಾಲೀಕರು ಫೋನ್ ಮಾಡಿದ್ದರು. ಟ್ಯಾಂಕ್ ತುಂಬಿ ರಾತ್ರಿಯೆಲ್ಲ ಹರಿಯುತ್ತಿದೆಯಂತೆ. ಹೋದೆ. ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಬಾಲ್ ಕಾಕಿನ ವಾಷರ್ ಸವೆದಿತ್ತು, ಕಡ್ಡಿಯೂ ತುಕ್ಕು ಹಿಡಿದಿತ್ತು. ಪೂರ್ತಿ ಹೊಸದೇ ಹಾಕಿ, ಟ್ಯಾಂಕ್ ತುಂಬಿ ನೀರು ತಾನಾಗಿ ನಿಲ್ಲುವವರೆಗೂ ಮೇಲೆ ಕೂತಿದ್ದೆ. ಕೆಳಗೆ ಬಂದಾಗ ಅವರು ಪರ್ಸ್ ಹಿಡಿದು ನಿಂತಿದ್ದರು. "ಎಷ್ಟು ಕೊಡಲಿ?" ಅಂದರು, ಸ್ವಲ್ಪ ಮುಜುಗರದಿಂದ. "ಸಾಮಾನು ಸೇರಿ 650, ಸರ್." ಏಳುನೂರು ಕೊಟ್ಟು "ಇರಲಿ ಇಟ್ಕೊ" ಅಂದರು. ಐವತ್ತು ವಾಪಸ್ ಕೊಟ್ಟೆ, ಜೊತೆಗೆ ಒಂದು ಕಾರ್ಡು. ಅವರು ಕನ್ನಡಕ ಮೇಲೆತ್ತಿ ಕಾರ್ಡು ಓದಿ, "ನಂಬರ್ ಚೆಕ್ ಮಾಡಿದೀಯಾ?" ಅಂದರು.