‘ಕೊರತೆಪಡೆನು’ ಅಂದ್ರೆ ಏನಪ್ಪಾ?

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಜೂನ್ ಬಂತೆಂದರೆ ಕರೆಂಟನ್ನು ನಂಬುವ ಹಾಗಿಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಹಾಗಾಗಿ ರಾತ್ರಿ ಊಟವಾದ ಮೇಲೆ ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಒಬ್ಬರು ಓದುತ್ತೇವೆ, ಉಳಿದವರು ಕೇಳುತ್ತಾರೆ. ನಾವು ಕ್ರೈಸ್ತರು, ಮೊದಲು ಸತ್ಯವೇದದ, ಅಂದ್ರೆ ಬೈಬಲಿನ, ಒಂದು ಕೀರ್ತನೆ, ಆಮೇಲೆ ಪುಸ್ತಕ. ಮಗಳಿಗೆ ಈಗ 15, ಮಗನಿಗೆ 12. ಪುಸ್ತಕ ಆರಿಸುವ ಕೆಲಸ ನನ್ನದು. ಶುರುವಿನಲ್ಲಿ ನಾನು ತಂದದ್ದರಲ್ಲಿ ಮುಕ್ಕಾಲು ಪಾಲು ಎಡವಟ್ಟೇ.

ದೊಡ್ಡ ಎಡವಟ್ಟನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಪ್ರಾರ್ಥನಾ ಕೂಟಕ್ಕೆ ಹೋದಾಗ ಹೊರಗೆ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದರು. ಅಂತ್ಯದಿನಗಳ ಬಗ್ಗೆ ಒಂದು ಕಾದಂಬರಿ. ‘ಮಕ್ಕಳಿಗೆ ಒಳ್ಳೇದು’ ಅಂದರು, ತಂದುಬಿಟ್ಟೆ. ನಾನು ಓದಿರಲಿಲ್ಲ. ಮಗ ಮೂರೇ ದಿನದಲ್ಲಿ ಮುಗಿಸಿದ. ಯೇಸುವನ್ನು ನಂಬಿದವರೆಲ್ಲ ಒಂದು ಕ್ಷಣದಲ್ಲಿ ಮೇಲೆ ಸ್ವರ್ಗಕ್ಕೆ ಎತ್ತಲ್ಪಡುತ್ತಾರೆ, ಮಿಕ್ಕವರು ಖಾಲಿ ಮನೆಯಲ್ಲಿ ಉಳಿಯುತ್ತಾರೆ, ಇದು ಅದರ ಕಥೆ. ಒಂದು ವಾರದ ಮೇಲೆ ಅವನು ಶಾಲೆಯಿಂದ ಬಂದಾಗ ನಾವು ಮನೆಯಲ್ಲಿರಲಿಲ್ಲ. ಗಾಳಿಗೆ ತೋಟದಲ್ಲಿ ಎರಡು ಅಡಿಕೆ ಮರ ಬಿದ್ದಿದ್ದವು, ನೋಡಲು ಹೋಗಿದ್ದೆವು. ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾವು ಬಂದು ನೋಡಿದರೆ ಜಗಲಿಯಲ್ಲಿ ಕೂತು ಬಿಕ್ಕುತ್ತಿದ್ದಾನೆ. ‘ನನ್ನ ಬಿಟ್ಟು ಹೋದ್ರಿ ಅಂದ್ಕೊಂಡೆ’ ಅಂದ. ‘ತೋಟಕ್ಕೆ ಹೋಗಿದ್ವಿ ಕಣೋ’ ಅಂತ ಸಮಾಧಾನ ಮಾಡಿದೆ. ಅವನು ತೋಟದ ಮಾತು ಆಡುತ್ತಿರಲಿಲ್ಲ ಅಂತ ಹೊಳೆಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಅವತ್ತಿನಿಂದ ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದ ಪುಸ್ತಕ ಮಕ್ಕಳ ಕೈಗೆ ಹೋಗುವುದಿಲ್ಲ. ಹಿಂದಿನ ರಟ್ಟಿನ ಮೇಲೆ ಯಾರು ಏನೇ ಹೊಗಳಿರಲಿ.

ಎರಡನೇ ಪಾಠ ಮಗಳಿಂದ. ಹದಿಹರೆಯದವರಿಗೆ ಅಂತಲೇ ಬರೆದ ಒಂದು ಕಥಾಪುಸ್ತಕವನ್ನು ಎರಡು ರಾತ್ರಿ ಕೇಳಿ, ‘ಅಪ್ಪಾ, ಇದ್ರಲ್ಲಿ ತಪ್ಪು ಮಾಡಿದವ್ರು ಮೂರನೇ ಪುಟಕ್ಕೇ ಪ್ರಾರ್ಥನೆ ಮಾಡಿ ಒಳ್ಳೆಯವರಾಗಿಬಿಡ್ತಾರೆ, ಸುಮ್ನೆ ಯಾಕೆ ಓದ್ಬೇಕು?’ ಅಂದಳು. ಮಾತು ನಿಜವೇ, ಅಲ್ವಾ? ಸತ್ಯವೇದದಲ್ಲೇ ಹಾಗಿಲ್ಲ. ಯೇಸುವಿನ ಶಿಷ್ಯ ಪೇತ್ರನೇ ಗುರುವಿನ ಬಗ್ಗೆ ಮೂರು ಸಲ ‘ಅವನನ್ನು ಅರಿಯೆ’ ಅನ್ನುತ್ತಾನೆ. ಪ್ರವಾದಿ ಯೋನ ತನ್ನ ಕಥೆಯ ಕೊನೆಯ ಅಧ್ಯಾಯದಲ್ಲೂ ಸಿಟ್ಟು ಮಾಡಿಕೊಂಡೇ ಕೂತಿರುತ್ತಾನೆ.

ಭಾಷೆಯ ಕಷ್ಟ ಬೇರೆಯೇ. ಒಮ್ಮೆ 23ನೇ ಕೀರ್ತನೆ ಓದುವ ಸರದಿ ಮಗನದು. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಅಲ್ಲೇ ನಿಂತ. ‘ಅಪ್ಪಾ, ಕೊರತೆಪಡೆನು ಅಂದ್ರೆ ಕೊರತೆ ಆಗುತ್ತಾ, ಆಗಲ್ವಾ?’ ನಾನು ಚಿಕ್ಕಂದಿನಿಂದ ಬಾಯಿಪಾಠ ಹೇಳಿಕೊಂಡು ಬಂದವನು, ಈ ಸಂಶಯ ನನಗೆ ಬಂದೇ ಇರಲಿಲ್ಲ. ‘ಪಡೆನು ಅಂದ್ರೆ ಪಡುವುದಿಲ್ಲ ಅಂತ, ಅರಿಯೆ ಅಂದ್ರೆ ಗೊತ್ತಿಲ್ಲ ಅನ್ನೋ ಹಾಗೆ’ ಅಂದೆ. ಅವನು ಇಷ್ಟು ದಿನ ಉಲ್ಟಾ ತಿಳಿದುಕೊಂಡಿದ್ದನಂತೆ. ಕುರುಬ ಇದ್ದರೂ ಕೊರತೆಯೇ! ಹಳೆಯ ಅನುವಾದ ನನಗೆ ಇಷ್ಟ, ಅದರ ನಡಿಗೆಯೇ ಚಂದ. ಆದರೆ ಈಗ ಪಕ್ಕದಲ್ಲಿ ಸುಲಭ ಕನ್ನಡದ ಇನ್ನೊಂದನ್ನೂ ಇಟ್ಟುಕೊಳ್ಳುತ್ತೇವೆ. ನನ್ನ ಹೆಂಡತಿ ಕಥೋಲಿಕ ಮನೆಯವಳು, ಅವಳು ತಂದ ಬೈಬಲಿನಲ್ಲಿ 73 ಪುಸ್ತಕ, ನಮ್ಮ ಪ್ರೊಟೆಸ್ಟಂಟರದರಲ್ಲಿ 66. ಆ ಹೆಚ್ಚಿನದ್ದರಲ್ಲಿ ತೋಬಿತನ ಕಥೆ ಇದೆ, ತೋಬಿತನ ಮಗನ ಪ್ರಯಾಣಕ್ಕೆ ನಾಯಿಯೂ ಜೊತೆಯಾಗುತ್ತದೆ. ನಮ್ಮ ಮಗನಿಗೆ ಅಷ್ಟು ಸಾಕು.

ನಮ್ಮಲ್ಲಿ ನಿಂತ ಪುಸ್ತಕಗಳು ಕೆಲವೇ. ಇಂಗ್ಲೆಂಡಿನ ಜಾನ್ ಬನಿಯನ್ 1678ರಲ್ಲಿ ಹೊರತಂದ ಯಾತ್ರಿಕನ ಕಥೆಯನ್ನು, ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲೇ ಕನ್ನಡಕ್ಕೆ ಮಾಡಿದ್ದರು. ಹಳೆಗಾಲದ ಮಾತು ಜಾಸ್ತಿ, ನಾನು ಬಿಡಿಸಿ ಬಿಡಿಸಿ ಹೇಳಿದೆ. ಯಾತ್ರಿಕ ಕೆಸರಿನಲ್ಲಿ ಹೂತುಕೊಳ್ಳುವ ಭಾಗಕ್ಕೆ ಮಾತ್ರ ವಿವರಣೆ ಬೇಕಾಗಲಿಲ್ಲ. ಗದ್ದೆಯಲ್ಲಿ ಚಪ್ಪಲಿ ಕಳೆದುಕೊಂಡ ಮಕ್ಕಳಿಗೆ ಕೆಸರು ಹೊಸದಲ್ಲವಲ್ಲ. ಸಿ.ಎಸ್. ಲೂಯಿಸ್‌ರ ಮಕ್ಕಳ ಕಥೆ ನಾರ್ನಿಯಾ ಓದುವಾಗ ನಾನೇ ಕೆಡಿಸಿದೆ. ಅದರಲ್ಲಿ ಬರುವ ಸಿಂಹ ಅಂದ್ರೆ ಯೇಸುವೇ ಅಂತ ಎರಡನೇ ರಾತ್ರಿಯೇ ಹೇಳಿಬಿಟ್ಟೆ. ಮಗಳು ಇವತ್ತಿಗೂ ಕ್ಷಮಿಸಿಲ್ಲ.

ಹಿಟ್ಲರನ ಕಾಲದಲ್ಲಿ ಯಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದ ಡಚ್ ಹೆಂಗಸು ಕೋರಿ ಟೆನ್ ಬೂಮ್. ಅವರ ನೆನಪುಗಳು ಪುಸ್ತಕವಾಗಿ ಬಂದದ್ದು 1971ರಲ್ಲಿ. ಸೆರೆಶಿಬಿರದಲ್ಲಿ ಅವರಿದ್ದ ಕೊಠಡಿಯ ತುಂಬ ಚಿಗಟ. ಅಕ್ಕ ಬೆಟ್ಸಿ ಆ ಚಿಗಟಕ್ಕೂ ದೇವರಿಗೆ ಸ್ತೋತ್ರ ಮಾಡೋಣ ಅನ್ನುತ್ತಾಳೆ, ಕೋರಿಗೆ ಅದು ಅತಿಯಾಯಿತು ಅನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಚಿಗಟದ ಭಯಕ್ಕೇ ಕಾವಲಿನವರು ಒಳಗೆ ಕಾಲಿಡುತ್ತಿರಲಿಲ್ಲ, ಅದರಿಂದಲೇ ಇವರು ಕದ್ದು ತಂದ ಬೈಬಲ್ ಓದಲು ಆಯಿತು. ಬೆಟ್ಸಿ ಅಲ್ಲೇ ತೀರಿಕೊಳ್ಳುತ್ತಾಳೆ. ಇದನ್ನು ಮಗಳಿಗೆ 13 ಆದ ಮೇಲೆ ಕೊಟ್ಟೆ, ಮಗನಿಗೆ ಇನ್ನೂ ಪೂರ್ತಿ ಓದಿಸಿಲ್ಲ.

ಎಲ್ಲಕ್ಕಿಂತ ಹೆಚ್ಚು ಚರ್ಚೆ ಎಬ್ಬಿಸಿದ್ದು ಸಂಸ್ಕೃತ ಪಂಡಿತೆಯಾಗಿದ್ದು ಆಮೇಲೆ ಕ್ರೈಸ್ತರಾದ ಪಂಡಿತಾ ರಮಾಬಾಯಿಯವರ ಕಥೆ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ನಮ್ಮ ತುಂಗೆ ಹುಟ್ಟುವುದೂ ಅಲ್ಲೇ. ಆರು ತಿಂಗಳ ಮಗುವನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ ಬೆಟ್ಟ ಇಳಿಸಿದರು ಅಂತ ಅವರೇ ಬರೆದಿದ್ದಾರೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಮೇಲೂ ತಮಗೆ ಬೋಧಿಸಿದ ಸನ್ಯಾಸಿನಿ ಸಿಸ್ಟರ್ ಜೊತೆ ಪತ್ರದಲ್ಲಿ ವಾದ ಮಾಡುತ್ತಲೇ ಇದ್ದರು. ‘ಹಾಗಾದ್ರೆ ನಾನೂ ಅಯ್ಯನವರನ್ನ ಪ್ರಶ್ನೆ ಕೇಳ್ಬಹುದಾ?’ ಅಂತ ಮಗಳು. ಅಯ್ಯನವರು ಅಂದ್ರೆ ನಮ್ಮ ಸಭೆಯ ಪಾದ್ರಿ. ‘ಕೇಳು, ಆರಾಧನೆ ಮುಗಿದ ಮೇಲೆ ಕೇಳು’ ಅಂದೆ. ಕೇಳಿದ್ದಾಳೆ. ಅಯ್ಯನವರು ಮುಂದಿನ ಭಾನುವಾರದವರೆಗೆ ಟೈಮ್ ತಗೊಂಡಿದ್ದಾರೆ.

ಪುಸ್ತಕ ಕಾಪಾಡುವ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟರೆ ಬೂಷ್ಟು ಖಂಡಿತ. ನಾವು ಒಲೆಯ ಮೇಲಿನ ಅಟ್ಟದಲ್ಲಿ ಟ್ರಂಕಿನೊಳಗೆ ಇಡುತ್ತೇವೆ. ಹೊಗೆಯ ವಾಸನೆ ಹಿಡಿಯುತ್ತದೆ, ಹಿಡಿಯಲಿ.

ಮಗನಿಗೆ ಈಗ ಗಂಗಾಮೂಲ ನೋಡಬೇಕಂತೆ. ಅಷ್ಟು ದೊಡ್ಡ ಪೆಟ್ಟಿಗೆ ಹೊತ್ತು ಯಾವ ದಾರಿಯಲ್ಲಿ ಇಳಿದಿರಬಹುದು ಅಂತ ಕೇಳುತ್ತಿದ್ದಾನೆ. ಮಳೆ ನಿಲ್ಲಲಿ, ಈಗ ಇಂಬಳ (ಜಿಗಣೆ) ಜಾಸ್ತಿ ಅಂದಿದ್ದೇನೆ.