ಹದಿನಾರೋ ಹದಿನೆಂಟೋ? ಎಸ್‌ಯುವಿಗೆ ಚಕ್ರ ಆರಿಸುವ ಮುನ್ನ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲಾಯ್ ಚಕ್ರಗಳನ್ನು ಸಾಲಾಗಿ ನೇತುಹಾಕಿರುವುದನ್ನು ಕಂಡರೆ ಒಡವೆ ಅಂಗಡಿಯ ನೆನಪಾಗುತ್ತದೆ. ದೊಡ್ಡವೆಲ್ಲ ಕಣ್ಣಿನೆತ್ತರಕ್ಕೆ, ಚಿಕ್ಕವು ಮೂಲೆಯಲ್ಲಿ. ಕೆಲವು ವರ್ಷಗಳ ಹಿಂದೆ ನಾನೂ ಆ ಹೊಳಪಿಗೆ ಮರುಳಾಗಿ, ಗಾಡಿಯ ಜೊತೆ ಬಂದಿದ್ದ 16 ಇಂಚಿನ ಚಕ್ರಗಳನ್ನು ಕಳಚಿಸಿ 18 ಇಂಚಿನವನ್ನು ಹಾಕಿಸಿಕೊಂಡೆ. ಮೂರನೇ ವಾರ, ಸಕಲೇಶಪುರ ದಾಟಿದ ಮೇಲೆ, ಮಳೆನೀರು ತುಂಬಿ ಮಟ್ಟಸವಾಗಿ ಕಾಣುತ್ತಿದ್ದ ಗುಂಡಿಗೆ ಎಡಗಡೆಯ ಮುಂದಿನ ಚಕ್ರ ಧೊಪ್ಪನೆ ಇಳಿಯಿತು. ಇಳಿದು ನೋಡಿದರೆ ಡಿಸ್ಕಿನ (ಟೈರು ಕೂರುವ ಲೋಹದ ಚಕ್ರದ) ಅಂಚು ಬಾಗಿತ್ತು, ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. ಪಂಕ್ಚರ್ ಅಂಗಡಿಯವರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಒಳಗಿನ ದಾರ ಹರಿದಿದೆ ಸಾರ್, ಇದಕ್ಕೆ ಪ್ಯಾಚ್ ಇಲ್ಲ’ ಎಂದರು.

ಚಕ್ರ ಬದಲಿಸಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಬದಲಿಸುವುದಾದರೆ ಡಿಸ್ಕಿನ ವಿನ್ಯಾಸಕ್ಕಿಂತ ಮೊದಲು ಅದರ ಸುತ್ತ ಎಷ್ಟು ರಬ್ಬರು ಉಳಿಯುತ್ತದೆ ಎಂದು ನೋಡಿ ಎನ್ನುವುದಷ್ಟೇ ನನ್ನ ಮಾತು.

ಮೊದಲು ಓದಿ

ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಟೈರಿನ ಮೇಲಿನ ಅಂಕಿಗಳನ್ನು ಓದಿ. ಟೊಯೊಟಾ ಫಾರ್ಚೂನರ್‌ನ ಒಂದು ಅಳತೆ 265/60 ಆರ್18. ಇದರಲ್ಲಿ 265 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 60ರಷ್ಟು, ಅಂದರೆ 159 ಮಿ.ಮೀ. 18 ಎಂಬುದು ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಒಂದೇ ಅಂಕಿ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ತುರುಕಿದ ಪುಣ್ಯಾತ್ಮರು ಯಾರೋ!

ಆಮೇಲೆ ಲೆಕ್ಕ

ಪಕ್ಕೆಯ ಎತ್ತರವನ್ನು ಎರಡರಿಂದ ಗುಣಿಸಿ (ಮೇಲೊಂದು, ಕೆಳಗೊಂದು), ಅದಕ್ಕೆ ಡಿಸ್ಕಿನ ವ್ಯಾಸ ಸೇರಿಸಿ. ಒಂದು ಇಂಚಿಗೆ 25.4 ಮಿ.ಮೀ. ಈ ಫಾರ್ಚೂನರ್ ಚಕ್ರದ ಒಟ್ಟು ಎತ್ತರ 318 + 457 = 775 ಮಿ.ಮೀ. ಅದೇ ಗಾಡಿಗೆ ಬರುವ ಇನ್ನೊಂದು ಅಳತೆ 265/65 ಆರ್17. ಅದರ ಒಟ್ಟು ಎತ್ತರ 776. ಡಿಸ್ಕು ಒಂದು ಇಂಚು ಹೆಚ್ಚಾದರೂ ಚಕ್ರ ಬೆಳೆದೇ ಇಲ್ಲ. ಕಬ್ಬಿಣವೋ ಅಲ್ಯೂಮಿನಿಯಮ್ಮೋ ಹೆಚ್ಚಾದಷ್ಟೂ ರಬ್ಬರು ಕಡಿಮೆಯಾಗಿದೆ, ಅಷ್ಟೇ.

‘ದೊಡ್ಡ ಅಲಾಯ್ ಹಾಕಿಸಿದರೆ ಗಾಡಿ ಎತ್ತರವಾಗುತ್ತದೆ’ ಎಂಬ ನಂಬಿಕೆ ಬೀಳುವುದು ಇಲ್ಲಿಯೇ. ನೆಲದಿಂದ ಗಾಡಿಯ ತಳದ ಅಂತರ ಹೆಚ್ಚಬೇಕಾದರೆ ಚಕ್ರದ ಒಟ್ಟು ಎತ್ತರ ಹೆಚ್ಚಬೇಕು, ಅದರಲ್ಲೂ ಅರ್ಧ ಮಾತ್ರ ನಿಮಗೆ ದಕ್ಕುತ್ತದೆ. 2020ರಲ್ಲಿ ಬಂದ ಮಹೀಂದ್ರ ಥಾರ್‌ಗೆ 245/75 ಆರ್16 ಮತ್ತು 255/65 ಆರ್18 ಎಂಬ ಎರಡು ಅಳತೆಗಳಿವೆ. ಒಟ್ಟು ಎತ್ತರ ಕ್ರಮವಾಗಿ 774 ಮತ್ತು 789 ಮಿ.ಮೀ. ಅಂದರೆ ದೊಡ್ಡ ಚಕ್ರದ ಥಾರ್ ಬಂಡೆಯ ಮೇಲಿಂದ ಏಳುವುದು ಏಳು ಮಿ.ಮೀ. ಹೆಚ್ಚು. ಅದಕ್ಕೆ ಪ್ರತಿಯಾಗಿ ಪಕ್ಕೆಯಲ್ಲಿ 18 ಮಿ.ಮೀ. ರಬ್ಬರು ಹೋಯಿತು.

ನನ್ನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೂಲ ಟೈರು 205/65 ಆರ್16, ಒಟ್ಟು 673 ಮಿ.ಮೀ. ಹಾಕಿಸಿಕೊಂಡದ್ದು 235/50 ಆರ್18, ಒಟ್ಟು 692. ಪಕ್ಕೆ 133ರಿಂದ 117ಕ್ಕೆ ಇಳಿದಿತ್ತು. ಗುಂಡಿಯ ಅಂಚಿಗೂ ಡಿಸ್ಕಿಗೂ ನಡುವೆ ಒಂದು ಬೆರಳಗಲ ರಬ್ಬರು ಕಡಿಮೆ. ಸಕಲೇಶಪುರದಲ್ಲಿ ನನಗೆ ಸಾಲದೆ ಹೋದದ್ದು ಆ ಬೆರಳಗಲವೇ ಇರಬೇಕು.

ಒಟ್ಟು ಎತ್ತರದ ವ್ಯತ್ಯಾಸ ಶೇ 3ನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ. ಶೇ 3ರಷ್ಟು ಎತ್ತರಿಸಿದರೆ ಮೊದಲಿಗಿಂತ ಅಷ್ಟೇ ಪಾಲು ವೇಗವನ್ನು ಮೀಟರು ನುಂಗಿಬಿಡುತ್ತದೆ. ಓಡಿದ ಕಿಲೋಮೀಟರುಗಳ ಲೆಕ್ಕವೂ ಹಾಗೆಯೇ ಕಡಿಮೆ ಬೀಳುವುದರಿಂದ ‘ಮೈಲೇಜ್ ಇಳಿಯಿತು’ ಎಂದು ಗೊಣಗುವವರಲ್ಲಿ ಕೆಲವರಿಗೆ ನಿಜವಾಗಿ ಇಳಿದಿರುವುದು ಮೀಟರಿನ ಲೆಕ್ಕ. ಎತ್ತರದ ಚಕ್ರ ಗೇರಿನ ಎಳೆತವನ್ನೂ ತಗ್ಗಿಸುತ್ತದೆ. ಐದು ಜನರನ್ನು ಕೂರಿಸಿಕೊಂಡು ಚಾರ್ಮಾಡಿಯ ತಿರುವು ಹತ್ತುವಾಗ ಅದು ಕಾಲಿಗೆ ತಿಳಿಯುತ್ತದೆ.

ನಿಮ್ಮ ರಸ್ತೆ ಯಾವುದು?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ. ವರ್ಷಕ್ಕೊಮ್ಮೆ ಗೋವಾಕ್ಕೆ ಹೋಗುವ ಹೆದ್ದಾರಿಯನ್ನು ನೆನೆಯಬೇಡಿ. ದಿನವೂ ಓಡಾಡುವ ದಾರಿಯನ್ನು, ಬಣ್ಣ ಬಳಿಯದ ಹಂಪುಗಳನ್ನು, ಅಗೆದು ಮುಚ್ಚಿದ ಬೀದಿಯನ್ನು ನೆನೆಯಿರಿ.

ತೋಟದ ರಸ್ತೆ, ಮಣ್ಣಿನ ದಾರಿ, ಗುಂಡಿಬಿದ್ದ ನಗರದ ಬೀದಿಗಳಾದರೆ ಚಿಕ್ಕ ಡಿಸ್ಕು, ದಪ್ಪ ಪಕ್ಕೆ ಒಳ್ಳೆಯದು. ದಪ್ಪ ಪಕ್ಕೆ ಸ್ಪ್ರಿಂಗಿಗೆ ತಲುಪುವ ಮೊದಲೇ ಪೆಟ್ಟಿನ ಒಂದು ಪಾಲನ್ನು ತಾನೇ ಹೀರಿಕೊಳ್ಳುತ್ತದೆ. ಮರಳಿನಲ್ಲಿ ಹೂತುಕೊಂಡರೆ ಗಾಳಿಯನ್ನು ಅರ್ಧಕ್ಕೆ ಇಳಿಸಿ ಟೈರನ್ನು ಹರಡಿಸಿ ಹೊರಬರಬಹುದು (ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು). ತೆಳು ಪಕ್ಕೆಯಲ್ಲಿ ಈ ಆಟ ನಡೆಯುವುದಿಲ್ಲ, ಡಿಸ್ಕು ನೆಲ ಮುಟ್ಟುತ್ತದೆ. ಕಾಡುಮೇಡು ಸುತ್ತುವವರ ಸುಜುಕಿ ಜಿಮ್ನಿಗೆ 15 ಇಂಚಿನ ಚಕ್ರ ಇಟ್ಟಿರುವುದು ಸುಮ್ಮನೆ ಅಲ್ಲ.

ಬೆಂಗಳೂರು–ಮೈಸೂರು ದಶಪಥದಂಥ ನುಣುಪು ರಸ್ತೆಯಲ್ಲೇ ಬಹುಪಾಲು ಓಡಾಟವಾದರೆ ದೊಡ್ಡ ಡಿಸ್ಕಿಗೂ ನ್ಯಾಯವಿದೆ. ಪಕ್ಕೆ ಗಿಡ್ಡವಾದಾಗ ತಿರುವಿನಲ್ಲಿ ಟೈರು ಬಳುಕುವುದು ಕಡಿಮೆ, ಸ್ಟೀರಿಂಗ್ ಹೇಳಿದ ತಕ್ಷಣ ಗಾಡಿ ಕೇಳುತ್ತದೆ. ಒಳಗೆ ದೊಡ್ಡ ಬ್ರೇಕಿಗೆ ಜಾಗ ಸಿಗುತ್ತದೆ. ಆದರೆ ಬ್ರೇಕು ಹಳೆಯದೇ ಆಗಿದ್ದರೆ ಆ ಜಾಗ ಖಾಲಿ ಪ್ರದರ್ಶನ. ದೊಡ್ಡ ಚಕ್ರ ಸಾಮಾನ್ಯವಾಗಿ ಭಾರ ಹೆಚ್ಚು. ಆ ಭಾರ ಸ್ಪ್ರಿಂಗಿನ ಕೆಳಗೆ ತಿರುಗುತ್ತಿರುವುದರಿಂದ ಹೊರಡುವಾಗಲೂ ನಿಲ್ಲಿಸುವಾಗಲೂ ಬೆಲೆ ಕೇಳುತ್ತದೆ. ಚೆಂದಕ್ಕಾಗಿಯೇ ಬೇಕು ಎನ್ನುವುದೂ ಕಾರಣವೇ, ನಾನು ಅಲ್ಲಗಳೆಯುವುದಿಲ್ಲ. ಹಾಗಿದ್ದರೆ ಒಂದೇ ಇಂಚಿಗೆ ತೃಪ್ತಿಪಟ್ಟುಕೊಳ್ಳಿ.

ಸರಕು ಹೊರುವವರಿಗೆ ಲೆಕ್ಕ ಬೇರೆ. ಟಾಟಾ ಏಸ್‌ನ 12 ಇಂಚಿನ ಪುಟ್ಟ ಚಕ್ರವನ್ನು ನೋಡಿ ನಕ್ಕವರು ಅದಕ್ಕೆ ಟೊಮೆಟೊ ಕ್ರೇಟು ಎತ್ತಿಡುವ ಹಮಾಲಿಯನ್ನು ಕೇಳಬೇಕು. ಚಕ್ರ ಚಿಕ್ಕದಾದ್ದರಿಂದಲೇ ಸರಕಿನ ಹಲಗೆ ತಗ್ಗಿನಲ್ಲಿದೆ. ಲಾರಿಗಳಲ್ಲಿ 20 ಇಂಚಿನ ಟ್ಯೂಬ್ ಟೈರಿನ ಜಾಗಕ್ಕೆ 22.5 ಇಂಚಿನ ಟ್ಯೂಬ್‌ಲೆಸ್ ಬಂದಾಗ ಚಕ್ರ ದೊಡ್ಡದಾಯಿತೆಂದುಕೊಂಡವರು ಉಂಟು. ಒಟ್ಟು ಎತ್ತರ ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಒಂದು ಮೀಟರಿಗಿಂತ ತುಸು ಮೇಲೆ.

ಕೂರುತ್ತದೆಯೇ?

ಅಂಗಡಿಯವರನ್ನು ಮೂರು ಅಳತೆ ಕೇಳಿ. ಮೊದಲನೆಯದು ಬೋಲ್ಟುಗಳ ವೃತ್ತ, ಅವರ ಬಾಯಲ್ಲಿ ‘ಪಿಸಿಡಿ’. ಹ್ಯುಂಡೈ ಕ್ರೆಟಾಕ್ಕೆ ಐದು ಬೋಲ್ಟು, ವೃತ್ತದ ವ್ಯಾಸ 114.3 ಮಿ.ಮೀ.; ಫಾರ್ಚೂನರ್‌ಗೆ ಆರು, 139.7. ಇದು ಹೊಂದದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಎರಡನೆಯದು ನಡುವಿನ ತೂತು. ಅದು ಹಬ್ಬಿಗಿಂತ (ಗಾಡಿಯಲ್ಲಿ ಚಕ್ರವನ್ನು ಕೂರಿಸುವ ನಡುಭಾಗ, ಇಂಗ್ಲಿಷಿನ ‘ಹಬ್’) ದೊಡ್ಡದಾಗಿದ್ದರೆ ಸರಿಯಾದ ಬಳೆ ಹಾಕಿ ಕೂರಿಸಬೇಕು, ಇಲ್ಲವಾದರೆ ವೇಗದಲ್ಲಿ ಸ್ಟೀರಿಂಗ್ ನಡುಗೀತು. ಮೂರನೆಯದು ಆಫ್‌ಸೆಟ್. ಡಿಸ್ಕನ್ನು ಹಬ್ಬಿಗೆ ಬಿಗಿಯುವ ಮುಖ ಅದರ ನಡುರೇಖೆಯಿಂದ ಎಷ್ಟು ಮಿ.ಮೀ. ಒಳಗೋ ಹೊರಗೋ ಇದೆ ಎಂಬ ಲೆಕ್ಕ ಅದು. ಮೂಲ ಅಂಕಿಗಿಂತ ಬಹಳ ಕಡಿಮೆಯಾದರೆ ಟೈರು ಮಡ್‌ಗಾರ್ಡಿನಿಂದ ಹೊರಗೆ ಚಾಚಿ ಬಂಪರಿಗೆ ಕೆಸರು ಬಳಿಯುತ್ತದೆ, ವೀಲ್ ಬೇರಿಂಗಿಗೂ ಹೊರೆ.

ಹಣ ಕೊಡುವ ಮುನ್ನ ಒಂದು ಚಕ್ರವನ್ನಾದರೂ ಮುಂದೆ ಹಾಕಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಮತ್ತೊಮ್ಮೆ. ಎಲ್ಲಿಯೂ ಉಜ್ಜಬಾರದು.

ಭಾರ, ಕಾಗದಪತ್ರ

ಅಳತೆಯ ಪಕ್ಕ 110ಎಚ್ ಎಂಬಂಥ ಗುರುತಿರುತ್ತದೆ. 110 ಎಂದರೆ ಆ ಟೈರು 1,060 ಕಿಲೋ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಹೊಸ ಟೈರಿನಲ್ಲಿ ಈ ಎರಡೂ ಮೂಲಕ್ಕಿಂತ ಇಳಿಯಕೂಡದು. ಟೈರಿನ ವಯಸ್ಸನ್ನೂ ನೋಡಿ: ನಾಲ್ಕು ಅಂಕಿಯ 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು.

ಕಂಪನಿ ಒಪ್ಪಿದ ಅಳತೆಗಳು ಕೈಪಿಡಿಯಲ್ಲಿ ಇರುತ್ತವೆ, ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿಯೂ. ಅದರೊಳಗೇ ಇದ್ದರೆ ತಂಟೆಯಿಲ್ಲ. ಮೀರಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರಬಹುದು. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊರಗಿನಿಂದ ಹಾಕಿಸಿದ ಅಲಾಯ್‌ಗಳನ್ನು ವಿಮಾ ಕಂಪನಿಗೆ ಬರೆದು ತಿಳಿಸಿ.

ಹಾಕಿಸಿದ ಮೇಲೆ

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ ಆಗಲಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಇನ್ನೊಮ್ಮೆ ಬಿಗಿಸಿ. ಹಳೆಯ ನಟ್ಟು ಹೊಸ ಅಲಾಯ್‌ಗೆ ಕೂರದಿರಬಹುದು, ಹೊಸ ನಟ್ಟು ಸ್ಟೆಪ್ನಿಯ ಕಬ್ಬಿಣದ ಡಿಸ್ಕಿಗೆ ಕೂರದಿರಬಹುದು. ಇದು ನಡುರಾತ್ರಿ ಘಾಟಿಯಲ್ಲಿ ಗೊತ್ತಾಗುವ ಬದಲು ಮನೆಯ ಅಂಗಳದಲ್ಲೇ ಗೊತ್ತಾಗಲಿ. ಸ್ಟೆಪ್ನಿಯನ್ನು ಒಮ್ಮೆ ಹಾಕಿ, ತೆಗೆದು ನೋಡಿ.

ಹಳೆಯ ಚಕ್ರಗಳನ್ನು ಅಂಗಡಿಯಲ್ಲೇ ಬಿಟ್ಟುಬರಬೇಡಿ. ನನ್ನ ಆ ನಾಲ್ಕು 16 ಇಂಚಿನವು ಅಟ್ಟದ ಮೇಲೆ ಗೋಣಿಚೀಲ ಹೊದ್ದು ಮಲಗಿದ್ದವು. ಘಟ್ಟದಿಂದ ಬಂದ ಭಾನುವಾರವೇ ಅವನ್ನು ಇಳಿಸಿ, ಒರೆಸಿ, ಮತ್ತೆ ಹಾಕಿಸಿಕೊಂಡೆ.