ಖಾರದ ಪುಡಿ ಮಾಡೋರು ನಾಲ್ಕು ಸಲ ತೂಗಬೇಕು

ಬ್ಯಾಡಗಿಯಲ್ಲಿ ನಮ್ಮದೊಂದು ಸಣ್ಣ ಖಾರದ ಪುಡಿ ಘಟಕ. ಕಾಯಿ ಬೀಸುವ ಒಂದು ಮಷೀನು (ಪಲ್ವರೈಸರ್), ಒಂದು ಜರಡಿ, ಒಂದು ಸೀಲಿಂಗ್ ಮಷೀನು, ತೊಟ್ಟು ಬಿಡಿಸಲು ಆರು ಜನ ಹೆಂಗಸರು. ಮೊದಲ ಎರಡು ವರ್ಷ ವ್ಯಾಪಾರವೇನೋ ಜೋರಿತ್ತು, ಕೈಯಲ್ಲಿ ರೊಕ್ಕ ನಿಲ್ಲುತ್ತಿರಲಿಲ್ಲ. ಚೀಲ ಬಂದಾಗ ಒಮ್ಮೆ, ಪ್ಯಾಕೆಟ್ ತುಂಬುವಾಗ ಒಮ್ಮೆ ತೂಗುತ್ತಿದ್ದೆವು. ನಡುವೆ ಎಷ್ಟು ಹೋಯಿತು ಅಂತ ನೋಡಿದವರೇ ಇಲ್ಲ.

ಈಗ ನಾಲ್ಕು ಸಲ ತೂಗುತ್ತೇವೆ. ಚೀಲ ಇಳಿದಾಗ, ತೊಟ್ಟು ಬಿಡಿಸಿದ ಮೇಲೆ, ಒಣಗಿಸಿದ ಮೇಲೆ, ಜರಡಿ ಹಿಡಿದ ಮೇಲೆ. ನಮ್ಮ ವಹಿಯ ಒಂದು ಲೆಕ್ಕ ಹೇಳುತ್ತೇನೆ. 100 ಕಿಲೋ ತಂದೆವು. ತೊಟ್ಟು 6 ಕಿಲೋ, ಬಣ್ಣ ಹೋದ ಬಿಳಿಗಾಯಿ 3 ಕಿಲೋ ಹೋಗಿ 91 ಉಳಿಯಿತು. ಒಣಗಿದಾಗ 88. ಪುಡಿ ಕೈಗೆ ಬಂದದ್ದು 86 ಕಿಲೋ. ಕಾಯಿ ಕಿಲೋಗೆ 300 ರೂಪಾಯಿ ಅಂತ ಹಿಡಿದರೆ, ಪುಡಿಗೆ ಕಾಯಿಯ ಖರ್ಚೇ 349 ಆಯಿತು. ಕೂಲಿ, ಕರೆಂಟು, ಪ್ಯಾಕೆಟ್ ಆಮೇಲೆ. ನಾನು ಎರಡು ವರ್ಷ 300ರ ಮೇಲೆಯೇ ರೇಟು ಕಟ್ಟುತ್ತಿದ್ದೆ! ನಿಮ್ಮ ಕಾಯಿಗೆ ನಿಮ್ಮದೇ ಲೆಕ್ಕ ಬರುತ್ತದೆ. ಪ್ರತಿ ಸಲ ತಂದ ಮಾಲಿಗೂ ಬರೆದಿಡಿ, ನೆನಪಿನ ಮೇಲೆ ಬಿಡಬೇಡಿ.

ತೊಟ್ಟಿನ ಕೆಲಸಕ್ಕೆ ಕಿಲೋ ಲೆಕ್ಕದ ಕೂಲಿ. ಮೊದಲು ಬಿಡಿಸಿದ ಕಾಯಿ ಮಾತ್ರ ತೂಗುತ್ತಿದ್ದೆ. ಒಮ್ಮೆ ನಮ್ಮಲ್ಲಿ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರು ನಕ್ಕು ಹೇಳಿದರು: "ಅಕ್ಕಾರ, ಕಾಯಿ ತೂಗಿ ರೊಕ್ಕ ಕೊಡ್ತೀರಿ. ತೊಟ್ಟು ಉಳಿದ್ರ ತೂಕ ಜಾಸ್ತಿನ ಬರ್ತೈತಲ್ರಿ." ಅವತ್ತಿನಿಂದ ತೊಟ್ಟನ್ನೂ ತೂಗುತ್ತೇವೆ. 10 ಕಿಲೋಗೆ ಸುಮಾರು 600 ಗ್ರಾಂ ಬರಬೇಕು. 400 ಬಂದರೆ ರಾಶಿಗೆ ಕೈ ಹಾಕಿ ನೋಡುತ್ತೇನೆ. ಯಾರನ್ನೂ ಬೈಯುವ ಪ್ರಸಂಗ ಬಂದಿಲ್ಲ.

ಖರೀದಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾರುಕಟ್ಟೆ ಸೋಮವಾರ, ಗುರುವಾರ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್, ಅಂದರೆ ಈ ಊರಿನ ಕಡೆಯ ಬೆಳೆ ಅನ್ನುವ ಗುರುತು ಸಿಕ್ಕಿದೆ, ಆದರೆ ಚೀಲದೊಳಗೆ ಏನಿದೆ ಅಂತ ನೀವೇ ನೋಡಬೇಕು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಜಾತಿ. ಡಬ್ಬಿಯಲ್ಲಿ ಬೀಜ ಜಾಸ್ತಿ, ಕಡ್ಡಿಯಲ್ಲಿ ಕಮ್ಮಿ. ಎರಡನ್ನೂ ಬೇರೆ ಬೇರೆ ಬರೆಯಿರಿ.

ನನಗೆ ದೊಡ್ಡ ಪೆಟ್ಟು ಬಿದ್ದದ್ದು ಕೋಲ್ಡ್ ಸ್ಟೋರೇಜ್ ಕಾಯಿಯಿಂದ. ಸುಗ್ಗಿಯಲ್ಲಿ ಕೊಂಡು ಇಟ್ಟಿದ್ದ ಚೀಲವನ್ನು ಜೂನ್‌ನಲ್ಲಿ ತೆಗೆಸಿ, ಅವತ್ತೇ ಬೀಸಿದೆ. ತಣ್ಣಗಿನ ಕಾಯಿ ಹೊರಗಿನ ಗಾಳಿಗೆ ಬೆವರುತ್ತದೆ. ಆ ತೇವ ಪುಡಿಗೆ ಹೋಗಿ, ಹದಿನೈದು ದಿನದಲ್ಲಿ ಪ್ಯಾಕೆಟ್ಟುಗಳು ಗಂಟು ಕಟ್ಟಿ ವಾಪಸ್ ಬಂದವು. ಯಾವ ಪ್ಯಾಕೆಟ್ ಯಾವ ಚೀಲದ್ದು ಅಂತ ಗುರುತಿರಲಿಲ್ಲ. ಹುಬ್ಬಳ್ಳಿಯ ಅಂಗಡಿಗಳಿಂದ ಒಳ್ಳೆಯ ಮಾಲನ್ನೂ ಸೇರಿಸಿ ಎಲ್ಲ ಎತ್ತಿಕೊಂಡು ಬಂದೆವು. ಈಗ ಕಾಯಿ ಮೊದಲು ಚೀಲದಲ್ಲೇ ಒಂದು ದಿನ ಇರುತ್ತದೆ, ಬೆವರು ಚೀಲದ ಮೇಲೆಯೇ ಆರಲಿ ಅಂತ. ಆಮೇಲೆ ಹರವುತ್ತೇವೆ. ಮುರಿದರೆ ಟಕ್ ಅನ್ನಬೇಕು, ಬಾಗಿದರೆ ಬೀಸುವುದಿಲ್ಲ. ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್ ಇರುತ್ತದೆ, ವಹಿಯಲ್ಲಿ ಅದೇ ನಂಬರಿನ ಮುಂದೆ ಚೀಲದ ಚೀಟಿ ಅಂಟಿಸಿರುತ್ತೇವೆ.

ಮಷೀನು ಬಿಸಿಯಾದರೆ ಬಣ್ಣ ಇಳಿಯುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ, ಅಲ್ವಾ? ಬೆಳಿಗ್ಗೆಯೇ ಬೀಸಿ, ಕಾಯಿಯನ್ನು ನಿಧಾನ ಸುರಿಯಿರಿ. ಕೆಳಗೆ ಬೀಳುವ ಪುಡಿಯನ್ನು ಆಗಾಗ ಮುಟ್ಟಿ, ಕೈಗೆ ಬಿಸಿ ತಾಗಿದರೆ ಮಷೀನು ನಿಲ್ಲಿಸಿ. ಪುಡಿ ಪೂರ್ತಿ ತಣ್ಣಗಾಗುವ ತನಕ ಪ್ಯಾಕ್ ಮಾಡಬೇಡಿ. ಬಣ್ಣ ಬೆರೆಸುವ ಯೋಚನೆ ಬೇಡವೇ ಬೇಡ, ಅದು ಅಪರಾಧ.

ಒಂದೇ ದಿನ ಬ್ಯಾಡಗಿ ಕಾಯಿ, ಅದಕ್ಕಿಂತ ಖಾರದ ಗುಂಟೂರು ಕಾಯಿ ಎರಡೂ ಬೀಸುವುದಿದ್ದರೆ ಬ್ಯಾಡಗಿ ಮೊದಲು. ಮರುದಿನ ಮತ್ತೆ ಬ್ಯಾಡಗಿ ಹಾಕುವ ಮುಂಚೆ ಮಷೀನು ಝಾಡಿಸಿ. ಆಮೇಲೂ ಮೊದಲ ಎರಡು ಕಿಲೋ ಪುಡಿ ಪ್ಯಾಕೆಟ್ಟಿಗೆ ಹೋಗಬಾರದು, ಅದರಲ್ಲಿ ಗುಂಟೂರಿನ ಖಾರ ಉಳಿದಿರುತ್ತದೆ. ನಮ್ಮಲ್ಲಿ ಅದು ಮನೆಗೆ ಹೋಗುತ್ತದೆ. ಆ ವಾರ ಪಲ್ಯ ತಿಂದು ನಮ್ಮವರು ಎರಡು ಚೊಂಬು ನೀರು ಕುಡಿಯುತ್ತಾರೆ.